ಎಂಬಿಎ ಅರ್ಜಿಯ ತಯಾರಿ: ಜಿಮ್ಯಾಟ್, ಪ್ರಬಂಧ, ಶಿಫಾರಸು ಪತ್ರಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ — ಖರೀದಿ_ವಿಭಾಗ

ಎಲ್ಲರಿಗೂ ನಮಸ್ಕಾರ. ಔಷಧ ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ನಾನು ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದು, ಪೂರ್ಣಾವಧಿ ಎಂಬಿಎಗೆ ಅರ್ಜಿ ಹಾಕಲು ಸಿದ್ಧತೆ ನಡೆಸಿದ್ದೇನೆ. ಎರಡು ವರ್ಷದ ಕೋರ್ಸ್ ಇರುವ ಕೆಲವು ಬಿಸಿನೆಸ್ ಸ್ಕೂಲ್‌ಗಳ ಜೊತೆಗೆ, ಹತ್ತು ತಿಂಗಳಲ್ಲಿ ಮುಗಿಯುವ ಇನ್‌ಸಿಯಾಡ್ ಕೂಡ ನನ್ನ ಪಟ್ಟಿಯಲ್ಲಿದೆ. ಎಂಬಿಎ ಪ್ರವೇಶಕ್ಕಾಗಿ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ 645 ಬಂದಿದೆ. ಪದವಿಯ ಮೊದಲೆರಡು ವರ್ಷಗಳ ಅಂಕಗಳು ಸಾಧಾರಣ. ಕೊನೆಯ ಎರಡು ವರ್ಷಗಳಲ್ಲಿ ಚೆನ್ನಾಗಿ ಸುಧಾರಿಸಿವೆ.

ಜಿಮ್ಯಾಟ್ ಮತ್ತೊಮ್ಮೆ ಬರೆಯಬೇಕೇ, ಇಲ್ಲವೇ ಆ ಸಮಯವನ್ನು ಪ್ರಬಂಧಗಳಿಗೆ ಕೊಡುವುದು ಒಳ್ಳೆಯದೇ ಎಂಬುದು ನನ್ನ ಮೊದಲ ಗೊಂದಲ. ಎರಡನೆಯದು ಶಿಫಾರಸು ಪತ್ರದ ಕುರಿತಾದದ್ದು. ನಮ್ಮ ಸಂಸ್ಥೆಯ ಉಪಾಧ್ಯಕ್ಷರಿಗೆ ನನ್ನ ಹೆಸರು ಗೊತ್ತಿದೆ, ಆದರೆ ನನ್ನ ಕೆಲಸವನ್ನು ಅವರು ಹತ್ತಿರದಿಂದ ಕಂಡಿಲ್ಲ. ಹತ್ತಿರದಿಂದ ಕಂಡಿರುವ ಮ್ಯಾನೇಜರ್, ತಮಗೆ ಬಿಡುವಿಲ್ಲವೆಂದೂ ಪತ್ರವನ್ನು ನಾನೇ ಬರೆದುಕೊಟ್ಟರೆ ಸಲ್ಲಿಸುವುದಾಗಿಯೂ ಹೇಳುತ್ತಿದ್ದಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಪ್ರಬಂಧ. ಎಷ್ಟು ಬಾರಿ ತಿದ್ದಿದರೂ ಅದು ರೆಸ್ಯೂಮೆಯನ್ನೇ ವಾಕ್ಯಗಳಾಗಿ ಬಿಡಿಸಿ ಬರೆದಂತೆ ಕಾಣುತ್ತದೆ. ಅದರ ಆರಂಭ ಹೀಗಿದೆ:

"ನಾಯಕತ್ವ, ವಿಶ್ಲೇಷಣಾ ಸಾಮರ್ಥ್ಯ ಮತ್ತು ತಂಡದೊಂದಿಗೆ ಬೆರೆತು ಕೆಲಸ ಮಾಡುವ ಗುಣಗಳಿಂದ ನಾನು ನನ್ನ ವಿಭಾಗದಲ್ಲಿ ಗಮನಾರ್ಹ ಬದಲಾವಣೆ ತಂದಿದ್ದೇನೆ. ಜಾಗತಿಕ ಮಟ್ಟದ ವ್ಯವಸ್ಥಾಪಕನಾಗುವ ನನ್ನ ಗುರಿಗೆ ನಿಮ್ಮ ಸಂಸ್ಥೆಯ ಎಂಬಿಎ ಅತ್ಯಗತ್ಯವಾಗಿದೆ."

ಈ ಹಾದಿಯಲ್ಲಿ ನಡೆದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಉತ್ತರ 1 — ಹಳೆಯ_ವಿದ್ಯಾರ್ಥಿ

ನಮಸ್ಕಾರ. ಜಿಮ್ಯಾಟ್ ಮತ್ತು ಅರ್ಜಿಯ ಸುತ್ತುಗಳ ಬಗ್ಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಪ್ರಬಂಧದ ವಿಷಯವನ್ನು ನನಗಿಂತ ಬಲ್ಲವರಿಗೆ ಬಿಡುತ್ತೇನೆ.

ನಿಮ್ಮ 645 ಅನ್ನು ಯಾರೂ ಹಳೆಯ ಲೆಕ್ಕದಲ್ಲಿ ಅಳೆಯದಂತೆ ನೋಡಿಕೊಳ್ಳಿ. 2023ರ ನವೆಂಬರ್‌ನಲ್ಲಿ ಹೊಸ ಮಾದರಿಯ ಜಿಮ್ಯಾಟ್ ಆರಂಭವಾಗಿ, 2024ರ ಜನವರಿಯ ಕೊನೆಯಲ್ಲಿ ಹಳೆಯದು ನಿಂತಿತು. ಈಗಿನ ಅಂಕಗಳು 205ರಿಂದ 805ರವರೆಗೆ ಇರುತ್ತವೆ, ಮತ್ತು ಗಣಿತ, ಭಾಷೆ, ಡೇಟಾ ಇನ್‌ಸೈಟ್ಸ್ (ದತ್ತಾಂಶ ವಿಶ್ಲೇಷಣೆ) ಎಂಬ ತಲಾ 45 ನಿಮಿಷದ ಮೂರು ವಿಭಾಗಗಳಿಗೂ ಸಮಾನ ತೂಕವಿದೆ. ಇಂದಿನ 645 ಹೆಚ್ಚುಕಡಿಮೆ ಹಳೆಯ 700ಕ್ಕೆ ಸಮ. ಹಳೆಯ ಅಂಕಗಳ ಗುಂಗಿನಲ್ಲೇ ಇರುವ ಹಿತೈಷಿಗಳು "ಇನ್ನೂ 700 ದಾಟಿಲ್ಲವೇ" ಎಂದು ಕೇಳಿದರೆ ನೀವು ಎದೆಗುಂದಬೇಕಾಗಿಲ್ಲ.

ಆದರೂ ಮತ್ತೊಮ್ಮೆ ಬರೆಯಬೇಕೇ ಎಂಬುದನ್ನು ಒಟ್ಟು ಅಂಕ ನೋಡಿ ನಿರ್ಧರಿಸಬೇಡಿ, ವಿಭಾಗವಾರು ಅಂಕಗಳನ್ನು ನೋಡಿ. ಪದವಿಯ ಮೊದಲೆರಡು ವರ್ಷಗಳಲ್ಲಿ ಕಡಿಮೆ ಬಂದಿರುವುದು ಗಣಿತ, ಸಂಖ್ಯಾಶಾಸ್ತ್ರದಂತಹ ವಿಷಯಗಳಲ್ಲಾಗಿದ್ದು, ಜಿಮ್ಯಾಟ್‌ನ ಗಣಿತ ವಿಭಾಗವೂ ದುರ್ಬಲವಾಗಿದ್ದರೆ, ಇವರು ಮೊದಲ ವರ್ಷದ ಹಣಕಾಸು ಮತ್ತು ಲೆಕ್ಕಶಾಸ್ತ್ರದ ತರಗತಿಗಳನ್ನು ತಾಳಿಕೊಳ್ಳಬಲ್ಲರೇ ಎಂಬ ಅನುಮಾನ ಪ್ರವೇಶ ಸಮಿತಿಗೆ ಸಹಜವಾಗಿಯೇ ಬರುತ್ತದೆ. ಹಾಗಿದ್ದಲ್ಲಿ ಮತ್ತೊಮ್ಮೆ ಬರೆಯುವುದು ಸಾರ್ಥಕ. ಎರಡು ಪ್ರಯತ್ನಗಳ ನಡುವೆ 16 ದಿನಗಳ ಅಂತರವಿರಬೇಕು, 12 ತಿಂಗಳಲ್ಲಿ ಗರಿಷ್ಠ 5 ಬಾರಿ ಬರೆಯಬಹುದು, ಮತ್ತು ಅಂಕ ನೋಡಿದ ಮೇಲೆಯೇ ಅದನ್ನು ಶಾಲೆಗೆ ಕಳುಹಿಸಬೇಕೇ ಬೇಡವೇ ಎಂದು ತೀರ್ಮಾನಿಸಬಹುದು. ಗಣಿತದಲ್ಲಿ ಒಳ್ಳೆಯ ಅಂಕವಿದ್ದು, ನಿಮ್ಮ ಶಾಲೆಗಳು ಪ್ರಕಟಿಸುವ ಅಂಕಗಳ ವ್ಯಾಪ್ತಿಯೊಳಗೆ ನೀವು ಇದ್ದರೆ, ಇನ್ನು ಹತ್ತು ಇಪ್ಪತ್ತು ಅಂಕಗಳಿಗಾಗಿ ತಿಂಗಳುಗಟ್ಟಲೆ ಸಮಯ ಸುರಿಯುವುದು ನನ್ನ ದೃಷ್ಟಿಯಲ್ಲಿ ನಷ್ಟವೇ.

ಮೊದಲೆರಡು ವರ್ಷಗಳ ಅಂಕಗಳ ಬಗ್ಗೆ ಐಚ್ಛಿಕ ಪ್ರಬಂಧದಲ್ಲಿ ನಾಲ್ಕೈದು ವಾಕ್ಯ ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಕಾರಣವೇನಿತ್ತು, ಆಮೇಲೆ ಏನು ಬದಲಾಯಿತು, ಕೊನೆಯ ಎರಡು ವರ್ಷಗಳ ಅಂಕಪಟ್ಟಿ ಏನು ತೋರಿಸುತ್ತದೆ ಎಂದು ನೇರವಾಗಿ ಹೇಳಿದರೆ ಸಾಕು; ಸಮರ್ಥನೆಗೆ ಇಳಿದರೆ ಓದುವವರಿಗೆ ದೋಷವೇ ದೊಡ್ಡದಾಗಿ ಕಾಣುತ್ತದೆ.

ಸುತ್ತುಗಳ ಮಾತು. ಎರಡು ವರ್ಷದ ಕೋರ್ಸ್‌ಗಳಿಗೆ ಸಾಮಾನ್ಯವಾಗಿ ಮೊದಲ ಸುತ್ತು ಸೆಪ್ಟೆಂಬರ್ ವೇಳೆಗೂ ಎರಡನೆಯದು ಜನವರಿ ಆರಂಭಕ್ಕೂ ಮುಗಿಯುತ್ತವೆ. ವಸಂತದಲ್ಲಿ ಬರುವ ಮೂರನೇ ಸುತ್ತಿಗೆ ಸೀಟುಗಳೂ ವಿದ್ಯಾರ್ಥಿವೇತನದ ಹಣವೂ ಕರಗಿರುತ್ತವೆ, ವಿದೇಶಿ ಅರ್ಜಿದಾರರಿಗೆ ವೀಸಾದ ಸಮಯವೂ ಸಾಲದೆ ಬರಬಹುದು. ಮೊದಲೆರಡರ ನಡುವೆ ಆಯ್ಕೆಯಾದರೆ, ಯಾವ ಸುತ್ತಿನ ಹೊತ್ತಿಗೆ ನಿಮ್ಮ ಅರ್ಜಿ ಚೆನ್ನಾಗಿ ಸಿದ್ಧವಾಗಿರುತ್ತದೋ ಆ ಸುತ್ತಿನಲ್ಲಿ ಹಾಕಿ.

ನಿಮ್ಮ ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಕೋರ್ಸ್‌ನಲ್ಲಿ ನಡುವಿನ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಕ್ಷೇತ್ರ ಬದಲಿಸುವವರಿಗೆ ಹೊಸ ಕೆಲಸಕ್ಕೆ ಕಾಲಿಡಲು ಅದೇ ಬಾಗಿಲು. ಇನ್‌ಸಿಯಾಡ್‌ನ ಹತ್ತು ತಿಂಗಳಲ್ಲಿ ಅಂತಹ ಬಿಡುವು ಜನವರಿಯಲ್ಲಿ ಸೇರುವ ತಂಡಕ್ಕೆ ಮಾತ್ರ ಸಿಗುತ್ತದೆ. ನೀವು ಇದೇ ಕ್ಷೇತ್ರದಲ್ಲಿ ಮೇಲೇರಲು ಬಯಸುತ್ತೀರೋ, ಕ್ಷೇತ್ರವನ್ನೇ ಬದಲಿಸಲು ಬಯಸುತ್ತೀರೋ ಎಂಬುದು ತೀರ್ಮಾನವಾಗದೆ ಈ ಎರಡೂ ಬಗೆಯ ಶಾಲೆಗಳು ಒಂದೇ ಪಟ್ಟಿಯಲ್ಲಿದ್ದರೆ, ಆ ಗೊಂದಲ ಪ್ರಬಂಧದಲ್ಲೂ ಇಣುಕುತ್ತದೆ.

ಉತ್ತರ 2 — ತಂಡದ_ಮುಖ್ಯಸ್ಥ

ನನ್ನ ತಂಡದಲ್ಲಿ ಕೆಲಸ ಮಾಡಿದ ಹಲವರಿಗೆ ಶಿಫಾರಸು ಪತ್ರ ಬರೆದಿದ್ದೇನೆ, ಹಾಗಾಗಿ ಆ ವಿಷಯಕ್ಕಷ್ಟೇ ಉತ್ತರಿಸುತ್ತೇನೆ.

ಉಪಾಧ್ಯಕ್ಷರನ್ನು ಬಿಟ್ಟು ಮ್ಯಾನೇಜರ್ ಅವರಿಂದಲೇ ಬರೆಸಿ. ಇದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಪತ್ರದಲ್ಲಿ ಏನು ಕೇಳುತ್ತಾರೆಂದು ಗೊತ್ತಾದರೆ ನಿಮಗೂ ಸಂದೇಹ ಉಳಿಯುವುದಿಲ್ಲ. ಹಲವು ಶಾಲೆಗಳು ಬಳಸುವ ಸಾಮಾನ್ಯ ಶಿಫಾರಸು ನಮೂನೆಯಲ್ಲಿ, ಅರ್ಜಿದಾರರನ್ನು ಅವರಂತೆಯೇ ಸಮರ್ಥರಾದ ಇತರರ ಜೊತೆ ಹೋಲಿಸಿ, ಉದಾಹರಣೆ ಸಹಿತ ಬರೆಯಬೇಕು. ಜೊತೆಗೆ, ಅರ್ಜಿದಾರರಿಗೆ ನೀವು ಕೊಟ್ಟ ಅತಿ ಮುಖ್ಯವಾದ ತಿದ್ದುಪಡಿಯ ಸಲಹೆ ಯಾವುದು, ಯಾವ ಸಂದರ್ಭದಲ್ಲಿ ಕೊಟ್ಟಿರಿ, ಅದನ್ನು ಅವರು ಹೇಗೆ ಸ್ವೀಕರಿಸಿದರು ಎಂದೂ ಕೇಳುತ್ತಾರೆ. ಈ ಕೊನೆಯ ಪ್ರಶ್ನೆಗೆ, ಎದುರು ಕೂತು ನಿಮ್ಮನ್ನು ಒಮ್ಮೆಯೂ ತಿದ್ದದ ಉಪಾಧ್ಯಕ್ಷರು ಏನೆಂದು ಉತ್ತರಿಸಬಲ್ಲರು? ಹುದ್ದೆ ಎಷ್ಟೇ ದೊಡ್ಡದಿದ್ದರೂ, "ಪರಿಶ್ರಮಿ, ಪ್ರಾಮಾಣಿಕ, ಭರವಸೆಯ ಯುವಕ" ಎಂಬ ಮೂರು ಪದಗಳ ಆಚೆಗೆ ಆ ಪತ್ರ ಹೋಗುವುದಿಲ್ಲ.

ಇನ್ನು ನೀವೇ ಬರೆದುಕೊಡುವ ಮಾತು. ಖಂಡಿತ ಬೇಡ. ಶಿಫಾರಸು ಮಾಡುವವರೇ ಪತ್ರ ಬರೆಯಬೇಕೆಂಬ ನಿಯಮವನ್ನು ಶಾಲೆಗಳು ಗಂಭೀರವಾಗಿ ಪಾಲಿಸುತ್ತವೆ, ಮತ್ತು ಅದು ಬಯಲಾದರೆ ಸಿಕ್ಕ ಪ್ರವೇಶವೂ ರದ್ದಾಗಬಹುದು. ನಿಯಮವನ್ನು ಬದಿಗಿಟ್ಟರೂ, ಪ್ರಬಂಧ ಮತ್ತು ಪತ್ರಗಳಲ್ಲಿ ಒಂದೇ ಕೈಬರಹದಂತೆ ಒಂದೇ ಬಗೆಯ ವಾಕ್ಯಗಳು ಕಂಡರೆ, ದಿನವಿಡೀ ಅರ್ಜಿಗಳನ್ನೇ ಓದುವವರಿಗೆ ಅದು ಗೊತ್ತಾಗದೆ ಇರದು. ಅದಕ್ಕಿಂತ ದೊಡ್ಡ ನಷ್ಟವೂ ಇದೆ: ನಮ್ಮಲ್ಲಿ ಇತರರು ಮೆಚ್ಚುವ ಗುಣ ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ, ಆದ್ದರಿಂದ ನೀವೇ ಬರೆದ ಪತ್ರದಲ್ಲಿ ಅದು ಬರುವುದೇ ಇಲ್ಲ.

ಬಿಡುವಿಲ್ಲದ ಮ್ಯಾನೇಜರ್‌ಗೆ ನೀವು ಮಾಡಬಹುದಾದ ನ್ಯಾಯವಾದ ಸಹಾಯವೆಂದರೆ ನೆನಪು ಮಾಡಿಕೊಡುವುದು. ಕೊನೆಯ ದಿನಾಂಕಕ್ಕೆ ಎರಡು ತಿಂಗಳಾದರೂ ಮೊದಲು ಅವರ ಅರ್ಧ ಗಂಟೆ ಕೇಳಿ ಪಡೆಯಿರಿ. ಏಕೆ ಓದಲು ಹೊರಟಿದ್ದೀರಿ ಎಂದು ಬಾಯಲ್ಲೇ ಹೇಳಿ. ಒಂದು ಪುಟದಲ್ಲಿ ನೀವಿಬ್ಬರೂ ಜೊತೆಯಾಗಿ ಮಾಡಿದ ನಾಲ್ಕಾರು ಕೆಲಸಗಳನ್ನು, ಯಾವಾಗ ನಡೆದವು, ಯಾರ್ಯಾರಿದ್ದರು, ಫಲಿತಾಂಶವೇನಾಯಿತು ಎಂಬಷ್ಟನ್ನೇ ಟಿಪ್ಪಣಿಯಾಗಿ ಕೊಡಿ, ವಿಶೇಷಣಗಳನ್ನು ಸೇರಿಸಬೇಡಿ. ನನ್ನ ತಂಡದವರೊಬ್ಬರು ಕೊಟ್ಟ ಇಂತಹ ಟಿಪ್ಪಣಿಯಲ್ಲಿ "ಮಾರ್ಚ್ ಪರಿಶೀಲನಾ ಸಭೆ, ನೀವು ನನ್ನ ತಖ್ತೆಯನ್ನು ವಾಪಸ್ ಕಳುಹಿಸಿದ ದಿನ" ಎಂಬ ಸಾಲೊಂದಿತ್ತು. ಆ ಒಂದು ಸಾಲಿನಿಂದ ನನಗೆ ಇಡೀ ಪ್ರಸಂಗ ಕಣ್ಣಮುಂದೆ ಬಂದು, ಕಠಿಣ ಟೀಕೆಯನ್ನು ಅವರು ಹೇಗೆ ನುಂಗಿಕೊಂಡು ಮರುದಿನವೇ ಕೆಲಸವನ್ನು ಸರಿಪಡಿಸಿದರು ಎಂಬುದನ್ನು ಸಲೀಸಾಗಿ ಬರೆಯಲು ಸಾಧ್ಯವಾಯಿತು. ಇಷ್ಟು ಮಾಡಿದ ಮೇಲೂ ಮ್ಯಾನೇಜರ್ ಒಪ್ಪದಿದ್ದರೆ, ಹಿಂದಿನ ಮೇಲಧಿಕಾರಿಯನ್ನೋ ನಿಮ್ಮೊಂದಿಗೆ ನಿಕಟವಾಗಿ ವ್ಯವಹರಿಸಿದ ಬೇರೆ ವಿಭಾಗದ ಹಿರಿಯರನ್ನೋ ಕೇಳಿ.

ಉತ್ತರ 3 — ಕರಡು_ಓದುಗಿ

ನೀವು ಕೊಟ್ಟಿರುವ ಎರಡು ವಾಕ್ಯಗಳನ್ನು ಗಮನವಿಟ್ಟು ಓದಿದೆ. ಅವುಗಳಲ್ಲಿ ವ್ಯಾಕರಣದ ದೋಷವಿಲ್ಲ, ಆದರೆ ನೀವೂ ಇಲ್ಲ. "ಗಮನಾರ್ಹ ಬದಲಾವಣೆ" ಎಂದರೆ ಯಾವ ಬದಲಾವಣೆ? ಅದಕ್ಕೆ ಮುಂಚೆ ಹೇಗಿತ್ತು? ಯಾರು ಬೇಡವೆಂದರು? ಅವರು ಬೇಡವೆಂದಾಗ ನೀವು ಏನು ಮಾಡಿದಿರಿ? ಪ್ರಬಂಧ ರೆಸ್ಯೂಮೆಯಂತೆ ಕಾಣುವುದು ಅದರಲ್ಲಿ ಸಾಧನೆಗಳಿವೆ ಎಂಬ ಕಾರಣಕ್ಕಲ್ಲ, ಆ ಸಾಧನೆಯ ಹಿಂದೆ ನೀವು ಮಾಡಿದ ಆಯ್ಕೆ ಅದರಲ್ಲಿಲ್ಲ ಎಂಬ ಕಾರಣಕ್ಕೆ. ರೆಸ್ಯೂಮೆಯಲ್ಲಿ ಏನಾಯಿತು ಎಂಬುದು ಬರಲಿ; ಅದು ಹಾಗೆಯೇ ಏಕಾಯಿತು, ಬೇರೆ ದಾರಿಯಿದ್ದರೂ ನೀವು ಈ ದಾರಿಯನ್ನೇ ಏಕೆ ಹಿಡಿದಿರಿ ಎಂಬುದು ಪ್ರಬಂಧದ ಪಾಲು.

ಪ್ರಶ್ನೆಗಳೂ ಇದನ್ನೇ ಬಯಸುತ್ತವೆ. ನಿಮಗೆ ಅತ್ಯಂತ ಮುಖ್ಯವಾದದ್ದು ಯಾವುದು, ಏಕೆ ಎಂದು ಸ್ಟ್ಯಾನ್‌ಫರ್ಡ್ ವರ್ಷಗಳಿಂದ ಕೇಳುತ್ತಾ ಬಂದಿದೆ; ಅಲ್ಲಿ ತೂಕವೆಲ್ಲ ಆ "ಏಕೆ" ಎಂಬುದರ ಮೇಲಿದೆ. 2024ರಲ್ಲಿ ಹಾರ್ವರ್ಡ್ ತನ್ನ ಒಂದೇ ದೀರ್ಘ ಪ್ರಬಂಧವನ್ನು ಕೈಬಿಟ್ಟು ಮೂರು ಚಿಕ್ಕ ಪ್ರಬಂಧಗಳನ್ನು ತಂದಿತು. 250–300 ಪದಗಳೊಳಗೆ ಗುಣವಾಚಕಗಳಿಗೆ ಜಾಗವೇ ಇಲ್ಲ.

ದಯವಿಟ್ಟು ಒಂದು ಕೆಲಸ ಮಾಡಿ. ಅರ್ಜಿಯನ್ನು ಮರೆತು, ನಿಮ್ಮ ಮಾತಿಗೆ ಕಚೇರಿಯಲ್ಲಿ ವಿರೋಧ ಬಂದ ಒಂದು ಸಂದರ್ಭವನ್ನು ಇಲ್ಲಿ ಸರಳವಾಗಿ ಬರೆಯಿರಿ.

ಮರುನುಡಿ — ಖರೀದಿ_ವಿಭಾಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಣಿತದಲ್ಲಿ ಅಂಕ ಚೆನ್ನಾಗಿಯೇ ಇರುವುದರಿಂದ ಜಿಮ್ಯಾಟ್ ಮತ್ತೆ ಬರೆಯುವುದಿಲ್ಲ. ಮ್ಯಾನೇಜರ್ ಅವರ ಸಮಯ ಕೇಳಿದ್ದೇನೆ.

ಕೇಳಿದ ಸಂದರ್ಭ ಇದು. ನಮ್ಮ ಮುಖ್ಯ ಔಷಧವೊಂದಕ್ಕೆ ಬೇಕಾದ ಕಚ್ಚಾವಸ್ತು ಒಬ್ಬರೇ ಪೂರೈಕೆದಾರರಿಂದ ಬರುತ್ತಿತ್ತು. ದರ ಸ್ವಲ್ಪ ಹೆಚ್ಚಾದರೂ ಎರಡನೆಯ ಪೂರೈಕೆದಾರರನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ನಾನು ಹೇಳಿದೆ. ಹೊಸ ಮೂಲದ ವಸ್ತುವಿಗೆ ಮೂರು ಬ್ಯಾಚ್‌ಗಳ ಪರೀಕ್ಷೆ ಆಗಬೇಕು, ಅಷ್ಟು ದಿನ ಯಂತ್ರ ಬಿಟ್ಟುಕೊಡಲಾಗದು ಎಂದು ಉತ್ಪಾದನಾ ವಿಭಾಗದ ಮುಖ್ಯಸ್ಥರು ವಿರೋಧಿಸಿದರು. ವಾರ್ಷಿಕ ನಿರ್ವಹಣೆಯ ನಂತರ ಹೇಗೂ ಪರೀಕ್ಷಾ ಬ್ಯಾಚ್‌ಗಳನ್ನು ನಡೆಸುತ್ತಾರೆಂಬುದನ್ನು ಗುಣಮಟ್ಟ ವಿಭಾಗದವರಿಂದ ತಿಳಿದುಕೊಂಡು, ಆ ದಿನಗಳಲ್ಲೇ ಹೊಸ ವಸ್ತುವನ್ನು ಬಳಸಿ ನೋಡೋಣವೆಂದು ಅವರನ್ನು ಒಪ್ಪಿಸಿದೆ. ಮುಂದೆ ಮೊದಲ ಪೂರೈಕೆದಾರರ ಸರಕು ತಡವಾದಾಗ ನಮ್ಮ ಉತ್ಪಾದನೆ ನಿಲ್ಲಲಿಲ್ಲ. ಆದರೆ ಇದೇ ಕ್ರಮವನ್ನು ಎಲ್ಲ ವಸ್ತುಗಳಿಗೂ ತರೋಣವೆಂದು ನಾನು ಸೂಚಿಸಿದಾಗ, ಹೆಚ್ಚುವರಿ ದಾಸ್ತಾನಿನಲ್ಲಿ ಎಷ್ಟು ಬಂಡವಾಳ ಸಿಕ್ಕಿಕೊಳ್ಳುತ್ತದೆ, ಅದರ ವೆಚ್ಚವನ್ನು ಅಪಾಯದೊಂದಿಗೆ ಹೇಗೆ ತೂಗಿದ್ದೀರಿ ಎಂದು ಹಣಕಾಸು ವಿಭಾಗದವರು ಕೇಳಿದರು. ಆ ಲೆಕ್ಕ ನನಗೆ ತಿಳಿದಿರಲಿಲ್ಲ; ಸೂಚನೆ ಅಲ್ಲಿಗೇ ನಿಂತಿದೆ.

ಉತ್ತರ 4 — ಕರಡು_ಓದುಗಿ

ನಿಮ್ಮ ಪ್ರಬಂಧ ಇದೇ. ಉತ್ಪಾದನಾ ಮುಖ್ಯಸ್ಥರ ವಿರೋಧದಿಂದ ಆರಂಭಿಸಿ. ಅಧಿಕಾರವಿಲ್ಲದೆಯೂ ಇನ್ನೊಂದು ವಿಭಾಗದವರನ್ನು ಒಪ್ಪಿಸಿದ್ದು ಅದರಲ್ಲಿ ಇರುವುದರಿಂದ, ನಾಯಕತ್ವ ಎಂಬ ಪದವನ್ನು ನೀವು ಬಳಸಬೇಕಾಗಿಯೇ ಇಲ್ಲ. ನೀವು ಕೊನೆಯಲ್ಲಿ ಸಂಕೋಚದಿಂದ ಹೇಳಿದ ಹಣಕಾಸಿನ ಪ್ರಶ್ನೆಯೇ ಎಂಬಿಎ ಏಕೆ, ಈಗಲೇ ಏಕೆ ಎಂಬುದಕ್ಕೆ ಅತ್ಯಂತ ಪ್ರಾಮಾಣಿಕವಾದ ಉತ್ತರ. ಅದನ್ನು ಮುಚ್ಚಿಡಬೇಡಿ. "ಜಾಗತಿಕ ಮಟ್ಟದ ವ್ಯವಸ್ಥಾಪಕ" ಎಂಬುದನ್ನು ತೆಗೆದು, ಔಷಧಗಳ ಪೂರೈಕೆ ಸರಪಳಿಯನ್ನು ಅಪಾಯ ಮತ್ತು ಬಂಡವಾಳ ಎರಡನ್ನೂ ತೂಗಿ ರೂಪಿಸುವ ಹುದ್ದೆಗೆ ಹೋಗಬೇಕೆಂದು ಬರೆಯಿರಿ. ಆ ಬಳಿಕ ಪ್ರತಿ ಶಾಲೆಯ ಪಠ್ಯಕ್ರಮವನ್ನು ತೆರೆದು, ಆ ಪ್ರಶ್ನೆಗೆ ಉತ್ತರ ಕಲಿಸುವ ವಿಷಯಗಳು ಯಾವುವೆಂದು ಹುಡುಕಿ, ಅವುಗಳ ಹೆಸರುಗಳನ್ನೇ ಪ್ರಬಂಧದಲ್ಲಿ ಬರೆಯಿರಿ. ಶಾಲೆಯ ಖ್ಯಾತಿಯನ್ನು ಹೊಗಳುವ ವಾಕ್ಯಗಳನ್ನು ಆ ಹೆಸರುಗಳ ಜಾಗಕ್ಕೆ ತರಬೇಡಿ. ಮ್ಯಾನೇಜರ್ ಅವರಿಗೆ ಕೊಡುವ ಟಿಪ್ಪಣಿಯಲ್ಲಿ ಬೇರೆ ಪ್ರಸಂಗಗಳಿಗೂ ಜಾಗವಿರಲಿ, ಇಲ್ಲದಿದ್ದರೆ ಸಮಿತಿ ಒಂದೇ ಕಥೆಯನ್ನು ಎರಡು ಸಲ ಓದಬೇಕಾದೀತು.

ಉತ್ತರ 5 — ಹಳೆಯ_ವಿದ್ಯಾರ್ಥಿ

ಸಂದರ್ಶನಕ್ಕೂ ಈ ಪ್ರಸಂಗ ಒದಗುತ್ತದೆ, ಆದರೆ ಬಾಯಿಪಾಠ ಮಾಡಬೇಡಿ. ಕೆಲವು ಶಾಲೆಗಳಲ್ಲಿ ಸಂದರ್ಶಕರು ನಿಮ್ಮ ಇಡೀ ಅರ್ಜಿಯನ್ನು ಓದಿ ಬಂದಿರುತ್ತಾರೆ, ಕೆಲವು ಕಡೆ ರೆಸ್ಯೂಮೆಯನ್ನು ಮಾತ್ರ ನೋಡಿರುತ್ತಾರೆ. ಯಾವುದೆಂದು ಮೊದಲೇ ತಿಳಿದುಕೊಂಡರೆ ಎಲ್ಲಿಂದ ಹೇಳಲು ಆರಂಭಿಸಬೇಕೆಂಬುದು ಗೊತ್ತಾಗುತ್ತದೆ. ವಾರ್ಟನ್ ನಿಮ್ಮ ಪಟ್ಟಿಯಲ್ಲಿದ್ದರೆ, ಅಲ್ಲಿ ಇತರ ಅರ್ಜಿದಾರರ ಜೊತೆ ಗುಂಪು ಚರ್ಚೆಯಿರುತ್ತದೆ, ಮತ್ತು ಇತರರ ಮಾತನ್ನು ಕೇಳಿಸಿಕೊಂಡು ಮುಂದಕ್ಕೆ ಒಯ್ಯುವವರು ಅಲ್ಲಿ ಎದ್ದು ಕಾಣುತ್ತಾರೆ. ಇನ್‌ಸಿಯಾಡ್‌ನಲ್ಲಿ ಹಳೆಯ ವಿದ್ಯಾರ್ಥಿಗಳು ಸಂದರ್ಶಿಸುತ್ತಾರೆ, ಹತ್ತೇ ತಿಂಗಳು ನಿಮಗೆ ಏಕೆ ಸಾಕು ಎಂದು ಅವರು ಕೇಳುವುದನ್ನು ನಿರೀಕ್ಷಿಸಿ. ನೀವು ಇದೇ ಕ್ಷೇತ್ರದಲ್ಲಿ ಮುಂದುವರಿಯುವುದು ಈಗ ಸ್ಪಷ್ಟವಾಗಿರುವುದರಿಂದ, ಇಂಟರ್ನ್‌ಶಿಪ್ ಬಗ್ಗೆ ನಾನು ಎತ್ತಿದ ಆಕ್ಷೇಪ ನಿಮಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಆ ಶಾಲೆಯನ್ನು ಪಟ್ಟಿಯಲ್ಲೇ ಇಟ್ಟುಕೊಳ್ಳಿ.