ಇಎನ್‌ಎಸ್‌ಡಿಎಫ್ (ಪರಮಾಣು ನ್ಯೂಕ್ಲಿಯಸ್‌ಗಳ ದತ್ತಾಂಶ) ಫೈಲನ್ನು ಪೈಥಾನ್‌ನಲ್ಲಿ ಓದುವುದು ಹೇಗೆ?

ಪ್ರಶ್ನೆ (ಹಾಸನದಿಂದ): ನಮ್ಮ ಎಂಎಸ್ಸಿ ಲ್ಯಾಬಿನ ಸೀಸಿಯಂ-137 ಪ್ರಯೋಗಕ್ಕೆ ಈ ಫೈಲಿನಿಂದ ಗಾಮಾ ಕಿರಣದ ಶಕ್ತಿ ಬೇಕು. ಸ್ಪೇಸ್ ನೋಡಿ ಸಾಲು ಒಡೆದರೆ, ಖಾಲಿ ಜಾಗ ಇದ್ದ ಕಡೆ ಅಂಕಿಗಳು ಪಕ್ಕದ ಕಾಲಂಗೆ ಜಾರುತ್ತವೆ. ಈ ಕಾಲದಲ್ಲೂ ಇಂಥ ಫಾರ್ಮ್ಯಾಟ್ ಯಾಕೆ?

ಉತ್ತರ: ಮೇಡಂ, ಸ್ಪೇಸ್ ನಂಬಬೇಡಿ, ಕಾಲಂ ಎಣಿಸಿ. ಈ ಫಾರ್ಮ್ಯಾಟ್ ಪಂಚ್ ಕಾರ್ಡ್ (ತೂತು ಹೊಡೆದ ಕಾರ್ಡಿನಿಂದ ಕಂಪ್ಯೂಟರಿಗೆ ಮಾಹಿತಿ ಕೊಡುತ್ತಿದ್ದ) ಕಾಲದ್ದು, ಸಾಲಿಗೆ 80 ಅಕ್ಷರ, ಒಂದೊಂದು ಅಕ್ಷರದ ಜಾಗವೂ ಒಂದು ಕಾಲಂ. 8ನೇ ಕಾಲಂನಲ್ಲಿ 'ಜಿ' ಇದ್ದರೆ ಗಾಮಾ. 7ನೆಯದು ಖಾಲಿ ಇರಬೇಕು, 'ಸಿ' ಇದ್ದರೆ ಅದು ಬರೀ ಟಿಪ್ಪಣಿ. 10ರಿಂದ 19 ಶಕ್ತಿ, 20-21 ಅನಿಶ್ಚಿತತೆ. 661.657 ಪಕ್ಕದಲ್ಲಿ 3 ಅಂದರೆ ಅದು ಕೊನೆಯ ಅಂಕಿಗೆ ಸೇರಿದ್ದು, ಅಂದರೆ 0.003 ಕೆಇವಿ (ಶಕ್ತಿಯ ಅಳತೆ), ಮೂರು ಕೆಇವಿ ಅಲ್ಲ! ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಪೈಥಾನ್ ಸೊನ್ನೆಯಿಂದ ಎಣಿಸುತ್ತೆ, 8ನೇ ಕಾಲಂ ಅದಕ್ಕೆ 7, ಅದೂ ನೆನಪಿರಲಿ.

ಉತ್ತರ (ಚಿಕ್ಕಮಗಳೂರಿಂದ): ಹಳೇ ಪ್ರೋಗ್ರಾಂಗಳೆಲ್ಲ ಆ 80 ಕಾಲಂ ನಂಬಿಕೊಂಡಿವೆ, ಸುಮ್ನೆ ಬದಲಿಸಕ್ಕಾಗಲ್ಲ ಅಲ್ವಾ? ಈ ಫೈಲನ್ನು ನೋಡಿಕೊಳ್ಳುವ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಅದನ್ನು ಜೇಸನ್‌ಗೆ (ಹೆಸರು-ಬೆಲೆ ಜೋಡಿಯಾಗಿ ಬರೆಯುವ ಹೊಸ ಫಾರ್ಮ್ಯಾಟ್) ತರುವ ಕೆಲಸಕ್ಕೆ ಕೈಹಾಕಿದ್ದಾರೆ. ಲ್ಯಾಬಿಗಷ್ಟೇ ಆದರೆ ಐಎಇಎಯ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಲೈವ್‌ಚಾರ್ಟ್ ವೆಬ್‌ಸೈಟಿನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಇಳಿಸಿಕೊಳ್ಳಿ, ಧಾರಾಳ ಸಾಕು.