ಎರಡನೇ ಕಾರ್ಡ್ ತಗೊಂಡ್ರೆ ಕ್ಯಾಶ್‌ಬ್ಯಾಕ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಎಲ್ಲಾ ಖರ್ಚಿಗೂ 2% ವಾಪಸ್ ಕೊಡುವ ಕ್ರೆಡಿಟ್ ಕಾರ್ಡ್ ಇದೆ. ದಿನಸಿಗೆ 5% ಕೊಡುವ ಇನ್ನೊಂದು ತಗೊಳ್ಳೋಣ ಅಂತಿದ್ದೇನೆ, ಆದರೆ ಅದಕ್ಕೆ ವರ್ಷಕ್ಕೆ 600 ಶುಲ್ಕ. ಲಾಭ ಇದೆಯಾ?

ಉತ್ತರ: 5% ಅಲ್ಲ, 3% ಲೆಕ್ಕ ಹಾಕಿ. 2% ಹೇಗೂ ಸಿಗುತ್ತಿತ್ತು ಅಲ್ವಾ? ಅಂದರೆ ವರ್ಷಕ್ಕೆ ದಿನಸಿಗೇ 20,000 ಖರ್ಚಾದರೆ ಶುಲ್ಕ ವಾಪಸ್ ಬರುತ್ತದೆ, ಅದರ ಮೇಲಿನದ್ದು ಮಾತ್ರ ಲಾಭ. ಆ 5% ಕ್ಯಾಶ್‌ಬ್ಯಾಕ್‌ಗೆ ತಿಂಗಳ ಮಿತಿ ಇದೆಯಾ ಅಂತಲೂ ನೋಡಿ, ಅದು ಮುಗಿದ ಮೇಲೆ ಹಳೇ ಕಾರ್ಡನ್ನೇ ಉಜ್ಜಿ.

ಇನ್ನೊಂದು ಉತ್ತರ: ನಾನು ನಾಲ್ಕು ಇಟ್ಟುಕೊಂಡಿದ್ದೆ. ಒಂದರ ಬಿಲ್ ಕಟ್ಟೋ ಕೊನೇ ದಿನ ಮರೆತು, ದಂಡ, ಬಡ್ಡಿ ಎಲ್ಲ ಸೇರಿ ವರ್ಷದ ಕ್ಯಾಶ್‌ಬ್ಯಾಕ್ ಪೂರ್ತಿ ಗುಳುಂ! ಈಗ ಎರಡೇ, ಎರಡಕ್ಕೂ ಪೂರ್ತಿ ಬಿಲ್ ಆಟೋ ಡೆಬಿಟ್.

ಕೇಳಿದವರು: ಓ, ನನ್ನ ದಿನಸಿ ಖರ್ಚು 20,000ದ ಹತ್ತಿರಕ್ಕೂ ಬರಲ್ಲ. ಶುಲ್ಕ ಇಲ್ಲದ್ದು ಹುಡುಕ್ತೀನಿ.