ಸೋಲಾರ್ ಬಿಸಿನೀರು: ಬಿಸಿಲಿಗಿಂತ ಮೊದಲು ನೀರು ನೋಡಿ

ಕೇಳಿದವರು, ತುಮಕೂರು: ಮನೆ ಕಟ್ಟಿಸುತ್ತಿದ್ದೇವೆ. ಐದು ಜನ, ಬೋರ್‌ವೆಲ್ ನೀರು. ಸೋಲಾರ್ ಹೀಟರ್‌ನಲ್ಲಿ ಗಾಜಿನ ಕೊಳವೆಯದು ಒಳ್ಳೆಯದೋ, ತಾಮ್ರದ ಪೈಪಿನ ಪ್ಯಾನೆಲ್ಲೋ? ಬಳಸಿದವರು ದಯವಿಟ್ಟು ಹೇಳಿ.

ಕೋಲಾರದಿಂದ: ನಮ್ಮದೂ ಬೋರ್ ನೀರೇ. ಬಿಸಿಲಿಗೆ ನಮ್ಮ ಕಡೆ ಬರವಿಲ್ಲ, ಚಿಂತೆ ಮಾಡಬೇಕಾದ್ದು ನೀರಿನ ಬಗ್ಗೆ. ನಾವು ಮೊದಲು ಹಾಕಿಸಿದ್ದು ತಾಮ್ರದ ಪೈಪಿನ ಪ್ಯಾನೆಲ್. ಎರಡು ವರ್ಷ ಚೆನ್ನಾಗಿತ್ತು. ಮೂರನೇ ವರ್ಷ ಮಟಮಟ ಮಧ್ಯಾಹ್ನವೂ ನೀರು ಬರೀ ಉಗುರುಬೆಚ್ಚಗೆ. ಬಿಚ್ಚಿಸಿ ನೋಡಿದರೆ ಪೈಪಿನೊಳಗೆ ಸುಣ್ಣ ಕಟ್ಟಿ, ಪೊರಕೆ ಕಡ್ಡಿ ತೂರುವಷ್ಟು ಜಾಗ ಉಳಿದಿತ್ತು.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಬೇರೆಯಾಗಿ ಅಂಟಿಕೊಳ್ಳುತ್ತದೆ. ನೀರು ಕಾಯಿಸೋ ಪಾತ್ರೆಯ ತಳ ಬೆಳ್ಳಗಾಗುತ್ತದಲ್ವಾ, ಹಾಗೇ. ಈ ಹೀಟರಿಗೆ ಪಂಪ್ ಇರುವುದಿಲ್ಲ. ಬಿಸಿಲಿಗೆ ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರಬೇಕು, ತಣ್ಣೀರು ಕೆಳಗಿಳಿಯಬೇಕು. ಆ ನೂಕುಬಲ ತುಂಬಾ ಕಡಿಮೆ. ದಾರಿ ಸ್ವಲ್ಪ ಕಿರಿದಾದರೂ ಹರಿವು ಕುಂಟುತ್ತದೆ.

ಈಗ ಗಾಜಿನ ಕೊಳವೆ ಹಾಕಿಸಿದ್ದೇವೆ. ಅದರಲ್ಲೂ ಸುಣ್ಣ ಕೂರುತ್ತದೆ. ಆದರೆ ಕೊಳವೆ ಅಗಲ, ವರ್ಷಕ್ಕೊಮ್ಮೆ ಕಳಚಿ ತೊಳೆಯಬಹುದು. ಒಂದು ಮಾತು ನೆನಪಿಡಿ: ಖಾಲಿ ಕೊಳವೆ ಬಿಸಿಲಲ್ಲಿ ಕಾದಿರುವಾಗ ತಣ್ಣೀರು ಬಿಡಬೇಡಿ, ಒಡೆಯುತ್ತದೆ. ತುಂಬಿಸುವುದು ಬೆಳಗ್ಗೆ, ಬಿಸಿಲೇರುವ ಮುಂಚೆ. ಐದು ಜನಕ್ಕೆ 200 ಲೀಟರ್ ಸಾಕು.

ಮೈಸೂರಿನಿಂದ: ನಮಗೆ ಕಾವೇರಿ ನೀರು. ತಾಮ್ರದ ಪ್ಯಾನೆಲ್ 14 ವರ್ಷವಾದರೂ ಸರಿಯಾಗಿದೆ, ಹಾಗಾಗಿ ಅದನ್ನು ಸುಮ್ನೆ ಬೈಯಲಾರೆ. ನಾನು ಹೇಳುವುದು ಪೈಪಿನ ಉದ್ದದ ವಿಷಯ. ಮುಕ್ಕಾಲು ಇಂಚಿನ ಪೈಪಿನ ಒಂದೊಂದು ಮೀಟರಿನಲ್ಲೂ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಬಚ್ಚಲು 30 ಮೀಟರ್ ದೂರವಿದ್ದರೆ ದಿನಾ ಬೆಳಗ್ಗೆ ಏಳೆಂಟು ಲೀಟರ್ ತಣ್ಣೀರು ಹೋದಮೇಲೇ ಬಿಸಿನೀರು. ಬಚ್ಚಲಿನ ನೇರಕ್ಕೆ ತಾರಸಿಯಲ್ಲಿ ಜಾಗ ಬಿಡಿಸಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ.

ತೀರ್ಥಹಳ್ಳಿಯಿಂದ: ಮಳೆಗಾಲದಲ್ಲಿ ನಮ್ಮಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಆಗ ಹಂಡೆ ಒಲೆ, ಅಡಿಕೆ ಸಿಪ್ಪೆ ಬೆಂಕಿ. ನಿಮ್ಮಲ್ಲಿ ಕರೆಂಟ್ ಕಾಯಿಲ್ ಇಡಿಸಿದರೆ ರಾತ್ರಿಯಿಡೀ ಹಾಕಿಡಬೇಡಿ. 100 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾಯಲು 4 ಯೂನಿಟ್ ಬೇಕು. ಬಿಸಿಲಿದ್ದ ದಿನ ಇಷ್ಟನ್ನೂ ಸೂರ್ಯ ಪುಕ್ಕಟೆ ಕೊಡುತ್ತಾನೆ. ಮೋಡದ ದಿನ ಸ್ನಾನಕ್ಕೆ ಮುಂಚೆ ಬೇಕಾದಷ್ಟು ಹೊತ್ತು ಹಾಕಿದರೆ ಸಾಕು.

ಕೇಳಿದವರು: ತುಂಬಾ ಉಪಕಾರವಾಯಿತು. ತಣ್ಣೀರಿನ ಟ್ಯಾಂಕಿಗೆ ತಾರಸಿ ಮೇಲೆ 4 ಅಡಿ ಕಟ್ಟೆ ಕಟ್ಟಿಸಿದ್ದೇವೆ. ಸಾಕಾ?

ಕೋಲಾರದಿಂದ: ಸಾಲದು. ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಬಿಸಿನೀರಿನ ಟ್ಯಾಂಕ್ ಪೂರ್ತಿ ತುಂಬುವುದಿಲ್ಲ. ಹಾಕುವವರು ಸಾಮಾನ್ಯವಾಗಿ 7 ಅಡಿ ಕೇಳುತ್ತಾರೆ. ಮೇಸ್ತ್ರಿ ಇನ್ನೂ ಕೆಲಸದಲ್ಲಿರುವಾಗಲೇ ಎತ್ತರಿಸಿಬಿಡಿ.